ಮೂರನೇ ಸಲ ಸಿಕ್ಕಿಬಿದ್ದವನು

2022ರ ನವೆಂಬರ್ 10, ಗುರುವಾರ. ಕೆಲಸದ ದಿನವೇ. ಆದ್ರೂ ನ್ಯೂಜೆರ್ಸಿಯಲ್ಲಿ ಗೆಳೆಯನೊಬ್ಬನ ಮನೇಲಿ ನಾವು ಆರೇಳು ಜನ ಬೆಳಗಿನ ಜಾವ 3 ಗಂಟೆಗೇ ಟಿವಿ ಮುಂದೆ ಕಂಬಳಿ ಹೊದ್ದು ಕೂತಿದ್ವಿ. ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್, ಭಾರತಕ್ಕೂ ಇಂಗ್ಲೆಂಡಿಗೂ. ನಮ್ಮವರು 168 ಹೊಡೆದರು. ಪರವಾಗಿಲ್ಲ, ಸಾಲಬಹುದು ಅಂತ ಇನ್ನೊಂದು ಸುತ್ತು ಕಾಫಿ ಮಾಡ್ಕೊಂಡು ಬಂದು ಕೂತ್ವಿ. ಆಮೇಲೆ ನಡೆದದ್ದು ನಿಮಗೂ ನೆನಪಿರಬೇಕು. ಬಟ್ಲರ್ 80, ಅಲೆಕ್ಸ್ ಹೇಲ್ಸ್ 86. ಇಬ್ಬರೂ ಔಟಾಗದೆ 16 ಓವರಿಗೆಲ್ಲ ಆಟ ಮುಗಿಸಿ ಕೈ ಕುಲುಕಿಬಿಟ್ಟರು.

ಹೇಲ್ಸ್ ಒಂದರ ಹಿಂದೆ ಒಂದು ಸಿಕ್ಸರ್ ಎತ್ತುತ್ತಿದ್ದಾಗ ಸೋಫಾದ ಮೂಲೆಯಿಂದ ಒಂದು ದನಿ ಬಂತು: "ಲೋ, ಇವನು ಡ್ರಗ್ಸ್ ತಗೊಂಡು ಸಿಕ್ಕಿಬಿದ್ದವನಲ್ವೇನೋ? ಅದೂ ಎರಡು ಸಲ! ಇಂಥೋರನ್ನ ಇನ್ನೂ ಆಡೋಕೆ ಹೆಂಗೆ ಬಿಟ್ಟಿದಾರೆ?"

ಹೇಲ್ಸ್ ಸೊನ್ನೆಗೆ ಔಟಾಗಿದ್ದರೆ ಈ ನೈತಿಕ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ ಅನ್ನೋದು ಬೇರೆ ಮಾತು. ಅವತ್ತು ಯಾರೂ ಉತ್ತರ ಕೊಡಲಿಲ್ಲ, ಕೊಡೋ ಸ್ಥಿತೀಲೂ ಇರಲಿಲ್ಲ. ಆದರೆ ಪ್ರಶ್ನೆ ನನ್ನ ತಲೇಲಿ ಉಳಿದುಕೊಂಡಿತು. ಮತ್ತೆ ಮತ್ತೆ ಸಿಕ್ಕಿಬೀಳುವ ಆಟಗಾರನನ್ನು ಲೀಗ್ ಅಮಾನತು ಮಾಡಬೇಕಾ? ಎಷ್ಟನೇ ಸಲಕ್ಕೆ? ಎಷ್ಟು ದಿನ? ಕೊನೆಗೊಮ್ಮೆ "ಇನ್ನು ಬರಲೇಬೇಡ" ಅನ್ನೋ ಹಕ್ಕು ಅದಕ್ಕಿದೆಯಾ?

ಹೇಲ್ಸ್ ಕಥೆ ಚಿಕ್ಕದು. 2019ರಲ್ಲಿ, ವಿಶ್ವಕಪ್ ಇನ್ನೇನು ಶುರುವಾಗಬೇಕು ಅನ್ನುವಾಗ, ಆತ ಎರಡನೇ ಸಲ ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಹೊರಗೆ ಬಂತು. ಇಂಗ್ಲೆಂಡ್ ಮಂಡಳಿಯ ನಿಯಮದ ಪ್ರಕಾರ ಎರಡನೇ ತಪ್ಪಿಗೆ ಶಿಕ್ಷೆ 21 ದಿನ. ಆದರೆ ಆತ ಮತ್ತೆ ಇಂಗ್ಲೆಂಡ್ ಅಂಗಿ ತೊಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ತಂಡಕ್ಕೆ ಅವನ ಮೇಲಿನ ನಂಬಿಕೆ ಹೋಗಿದೆ ಅಂತ ನಾಯಕ ಮಾರ್ಗನ್ ಹೇಳಿದ್ದರು. ನಿಯಮ ಮೂರು ವಾರ ಅಂದಿತು, ನಂಬಿಕೆ ಮೂರು ವರ್ಷ ತೆಗೆದುಕೊಂಡಿತು. ಇದರಲ್ಲಿ ಯಾವುದು ಸರಿ ಅಂತ ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳೋಕೆ ನಾನು ವಾಸವಾಗಿರೋ ದೇಶದ ಲೀಗ್‌ಗಳ ಕಡೆಗೇ ನೋಡಬೇಕಾಯಿತು. ಯಾಕಂದ್ರೆ ಇದೇ ಪ್ರಶ್ನೆಯ ಜೊತೆ ಇವರು ನಲವತ್ತು ವರ್ಷದಿಂದ ಗುದ್ದಾಡುತ್ತಿದ್ದಾರೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ಡ್ರಗ್ಸ್' ಅಂತಾರೆ. ಕನ್ನಡ ಪತ್ರಿಕೆಗಳು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ: ಒಂದು ಉದ್ದೀಪನ ಮದ್ದು, ಇನ್ನೊಂದು ಮಾದಕ ವಸ್ತು. ಉದ್ದೀಪನ ಮದ್ದು ತಗೊಂಡವನು ಗೆಲ್ಲೋಕೆ ಅಂತ ತಗೊಂಡಿರ್ತಾನೆ. ಅವನು ಹೊಡೆದ ಒಂದೊಂದು ಹೋಮ್‌ರನ್ನೂ ಪಕ್ಕದವನ ಜೇಬಿನಿಂದ ಕದ್ದದ್ದು. ಬೇಸ್‌ಬಾಲ್ ಲೀಗ್ 2014ರಿಂದ ಇದಕ್ಕೆ ಇಟ್ಟಿರುವ ಲೆಕ್ಕ: ಮೊದಲನೇ ಸಲ 80 ಪಂದ್ಯ, ಎರಡನೇ ಸಲ ಪೂರ್ತಿ 162, ಮೂರನೇ ಸಲ ಕಾಯಂ ನಿಷೇಧ. ನ್ಯೂಯಾರ್ಕ್ ಮೆಟ್ಸ್‌ನ ಹೆನ್ರಿ ಮೆಹಿಯಾ 2016ರಲ್ಲಿ ಮೂರನೇ ಮೆಟ್ಟಿಲು ತಲುಪಿದ ಮೊದಲ ಆಟಗಾರ. ಎರಡು ವರ್ಷದ ನಂತರ ಅವನಿಗೂ ಷರತ್ತಿನ ಮೇಲೆ ಬಾಗಿಲು ತೆರೆದರು. ಈ ಲೆಕ್ಕದ ಬಗ್ಗೆ ನನಗೆ ತಕರಾರಿಲ್ಲ. ಮೋಸ ಮಾಡಿ ಆಡಿದವನನ್ನು ಆಟದಿಂದ ಹೊರಗಿಡೋದು ಆ ತಪ್ಪಿಗೆ ಸರಿಹೊಂದುವ ಶಿಕ್ಷೆ.

ನನ್ನ ತಕರಾರಿರೋದು ಇನ್ನೊಂದರ ಬಗ್ಗೆ. ಗಾಂಜಾ, ಕೊಕೇನ್, ಕುಡಿತ. ಇವು ಆಟಗಾರನಿಗೆ ಓಟ ಕಲಿಸೋದಿಲ್ಲ, ಬದಲಿಗೆ ಓಟ ಕಸಿದುಕೊಳ್ಳುತ್ತವೆ. ಆದರೂ ಲೀಗ್‌ಗಳು ಬಹಳ ಕಾಲ ಇವಕ್ಕೂ ಅದೇ ತರಹದ ಏಣಿ ಇಟ್ಟಿದ್ದವು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ.

ನಾನು ಎಂ.ಎಸ್. ಮಾಡೋಕೆ ಓಹಾಯೋಗೆ ಬಂದದ್ದು 2013ರಲ್ಲಿ. ಅಮೆರಿಕನ್ ಫುಟ್‌ಬಾಲ್ ಅಂದ್ರೆ ಆಗ ನನಗೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡೋ ಆಟ, ಅಷ್ಟೇ. (ನಿಮಗೂ ಅಷ್ಟೇ ಗೊತ್ತಿದ್ರೆ ಗಾಬರಿ ಬೇಡ, ಮುಂದಿನದಕ್ಕೆ ಆಟದ ನಿಯಮ ಬೇಕಾಗಿಲ್ಲ.) ನನ್ನ ರೂಮ್‌ಮೇಟ್ ಕ್ಲೀವ್‌ಲ್ಯಾಂಡ್‌ನವನು, ಬ್ರೌನ್ಸ್ ತಂಡದ ಭಕ್ತ. ಆ ತಂಡ ಸೋಲೋದರಲ್ಲೇ ಹೆಸರು ಮಾಡಿತ್ತು. ಆದರೆ ಅವತ್ತು ಅದರಲ್ಲಿ ಒಬ್ಬ ಹುಡುಗ ಇದ್ದ, ಜಾಶ್ ಗಾರ್ಡನ್, 22 ವರ್ಷ. ಚೆಂಡು ಹಿಡಿದು ಓಡೋದು ಅವನ ಕೆಲಸ. ಮಾದಕ ವಸ್ತು ನಿಯಮ ಮುರಿದದ್ದಕ್ಕೆ ಆ ವರ್ಷದ ಮೊದಲೆರಡು ಪಂದ್ಯ ಅವನಿಗೆ ಆಡೋಕೆ ಬಿಟ್ಟಿರಲಿಲ್ಲ. ಉಳಿದ 14ರಲ್ಲೇ 1,646 ಗಜ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ. ಸತತ ಎರಡು ಪಂದ್ಯದಲ್ಲಿ 200 ಗಜ ದಾಟಿದ, ಅದನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ರೂಮ್‌ಮೇಟ್ ಕೂಗೋದು ಕೇಳಿ ಕೇಳಿ ನಾನೂ ನೋಡೋಕೆ ಶುರು ಮಾಡಿದೆ. ಆಟ ಅರ್ಥವಾಗದವನಿಗೂ ಅವನು ಓಡುವಾಗ ಏನೋ ಆಗ್ತಿದೆ ಅಂತ ಗೊತ್ತಾಗ್ತಿತ್ತು.

ಮುಂದಿನ ಆಗಸ್ಟಿನಲ್ಲಿ ಅವನಿಗೆ ಒಂದು ವರ್ಷ ಅಮಾನತು. ಕಾರಣ ಗಾಂಜಾ.

ಡೇಟಾ ಕೆಲಸ ಮಾಡೋ ನನ್ನಂಥವರಿಗೆ ಈ ಪ್ರಕರಣದ ಸಂಖ್ಯೆಗಳು ನಿದ್ದೆ ಕೆಡಿಸುವಂಥವು. ಆಟಗಾರನ ಮೂತ್ರವನ್ನು ಎರಡು ಬಾಟಲಿಗೆ ತುಂಬ್ತಾರೆ, ಎ ಮತ್ತು ಬಿ. ಮಿಲಿಲೀಟರಿಗೆ 15 ನ್ಯಾನೋಗ್ರಾಂ ಮಿತಿ. ಗಾರ್ಡನ್‌ನ ಎ ಬಾಟಲಿಯಲ್ಲಿ ಬಂದದ್ದು 16. ಬಿ ಬಾಟಲಿಯಲ್ಲಿ 13.6. ಒಂದೇ ದೇಹ, ಒಂದೇ ದಿನ, ಒಂದೇ ಮೂತ್ರ. ಎರಡರ ಸರಾಸರಿ 14.8, ಅಂದರೆ ಮಿತಿಯ ಒಳಗೇ. ಆದರೆ ನಿಯಮದ ಪ್ರಕಾರ ಮಿತಿ ದಾಟಬೇಕಾದದ್ದು ಎ ಬಾಟಲಿ ಮಾತ್ರ. ಬಿ ಬಾಟಲಿಯಲ್ಲಿ ಅಂಶ ಇದೆ ಅಂತ ಗೊತ್ತಾದರೆ ಸಾಕು. ಚೀಟಿ ಅಂಟಿಸುವಾಗ ಬಾಟಲಿ ಅದಲುಬದಲಾಗಿದ್ದರೆ ಅವನು ಪಾಸ್ ಆಗ್ತಿದ್ದ. ಅದೇ ಹೊತ್ತಿಗೆ ಒಲಿಂಪಿಕ್ಸ್ ಆಟಗಾರರಿಗೆ ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ಇಟ್ಟಿದ್ದ ಮಿತಿ 150. ಗಾರ್ಡನ್‌ಗೆ ಶಿಕ್ಷೆಯಾಗಿ ಒಂದು ತಿಂಗಳೂ ತುಂಬುವ ಮೊದಲು ಲೀಗ್ ತನ್ನ ಮಿತಿಯನ್ನು 35ಕ್ಕೆ ಏರಿಸಿತು, ಅವನ ಶಿಕ್ಷೆ 10 ಪಂದ್ಯಕ್ಕೆ ಇಳಿಯಿತು. 2020ರಲ್ಲಿ ಮಿತಿ 150 ಆಯಿತು, 2024ರ ಕೊನೆಗೆ 350.

ನಾನೂ ಆಫೀಸಿನಲ್ಲಿ ದಿನಾ ಕಟ್‌ಆಫ್ ಹಾಕೋನೇ. ಇಷ್ಟಕ್ಕಿಂತ ಹೆಚ್ಚು ಸ್ಕೋರ್ ಬಂದರೆ ಈ ವ್ಯವಹಾರ ಅನುಮಾನಾಸ್ಪದ, ಕಡಿಮೆ ಬಂದರೆ ಬಿಟ್ಟುಬಿಡು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆಯೋದು ತಪ್ಪಲ್ಲ. ಆದರೆ ಗೆರೆಯ ಆಚೆ ಈಚೆ ಇರೋರನ್ನು ಒಳ್ಳೆಯವರು, ಕೆಟ್ಟವರು ಅಂತ ನಂಬೋಕೆ ಶುರು ಮಾಡಿದ ದಿನ ಕೆಲಸ ಕೆಟ್ಟಿತು ಅಂತಲೇ ಅರ್ಥ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಆಗಿನ ನಿಯಮದಲ್ಲಿ ಒಬ್ಬ ಸಾಮಾನ್ಯ ಆಟಗಾರನಿಗೆ ಮಾದಕ ವಸ್ತು ಪರೀಕ್ಷೆ ವರ್ಷಕ್ಕೊಮ್ಮೆ, ಏಪ್ರಿಲ್ 20ರಿಂದ ಆಗಸ್ಟ್ 9ರ ಒಳಗೆ. ಯಾವಾಗ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಕೆಲವು ವಾರ ಮುಂಚೆ ಸೇದೋದು ನಿಲ್ಲಿಸಿದರೆ ಆಯಿತು. ಆದರೆ ಒಮ್ಮೆ ಸಿಕ್ಕಿಬಿದ್ದವನು ಲೀಗ್‌ನ 'ಕಾರ್ಯಕ್ರಮ'ಕ್ಕೆ ಸೇರ್ತಾನೆ. ಆಮೇಲೆ ಅವನಿಗೆ ವರ್ಷವಿಡೀ ಪರೀಕ್ಷೆ, ತಿಂಗಳಿಗೆ ಹತ್ತರವರೆಗೂ. ಗಾರ್ಡನ್ ಈ ಫಲಿತಾಂಶಕ್ಕೆ ಮುಂಚೆ ಎಪ್ಪತ್ತು ಪರೀಕ್ಷೆ ಪಾಸಾಗಿದ್ದ ಅಂತ ಆಗ ವರದಿಗಳಿದ್ದವು. ಈಗ ಹೇಳಿ, "ಮೂರನೇ ಸಲ" ಅಂದರೆ ಏನರ್ಥ? ವರ್ಷಕ್ಕೊಂದು ಸಲ ನೋಡಿದವನ ಒಂದು ತಪ್ಪನ್ನೂ, ವಾರಕ್ಕೆ ಎರಡು ಸಲ ನೋಡಿದವನ ಮೂರು ತಪ್ಪನ್ನೂ ಒಂದೇ ಏಣಿಯ ಮೇಲೆ ಹೇಗೆ ಇಡ್ತೀರಿ? ಯಾವ ಮನೆಯ ಮುಂದೆ ಪೊಲೀಸರು ದಿನಾ ನಿಂತಿರ್ತಾರೋ ಆ ಮನೆಯ ಮೇಲೇ ಹೆಚ್ಚು ಕೇಸು. ನಮ್ಮ ಕೆಲಸದಲ್ಲಿ ಇದು ಮೊದಲ ವರ್ಷ ಕಲಿಸೋ ಪಾಠ. 'ಪದೇ ಪದೇ' ಅನ್ನೋ ಎಣಿಕೆಯಲ್ಲಿ ಅರ್ಧ ಆಟಗಾರನದು, ಇನ್ನರ್ಧ ನೋಡುವವನದು.

ಅದೇ 2014ರ ಬೇಸಿಗೆಯಲ್ಲಿ ರೇ ರೈಸ್ ಅನ್ನೋ ಇನ್ನೊಬ್ಬ ಆಟಗಾರ ತನ್ನ ಮದುವೆಯಾಗಲಿರುವ ಹುಡುಗಿಯನ್ನು ಲಿಫ್ಟಿನಲ್ಲಿ ಪ್ರಜ್ಞೆ ತಪ್ಪುವಂತೆ ಹೊಡೆದಿದ್ದಕ್ಕೆ ಲೀಗ್ ಮೊದಲು ಕೊಟ್ಟ ಶಿಕ್ಷೆ ಎರಡು ಪಂದ್ಯ. ವಿಡಿಯೋ ಹೊರಗೆ ಬಂದು ದೇಶ ಛೀ ಅಂದ ಮೇಲಷ್ಟೇ ಅದು ಬದಲಾಯಿತು. ನನ್ನ ರೂಮ್‌ಮೇಟ್ ಎರಡನ್ನೂ ಪಕ್ಕಪಕ್ಕ ಒಂದು ಕಾಗದದ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿದ್ದ.

ಇಲ್ಲಿಗೇ ನಿಲ್ಲಿಸಿದರೆ ಗಾರ್ಡನ್ ಒಬ್ಬ ಅಮಾಯಕ, ಕೆಟ್ಟ ನಿಯಮಕ್ಕೆ ಬಲಿಯಾದ ಅಂತಾಗುತ್ತೆ. ಅದು ನಿಜ ಅಲ್ಲ. ಪರೀಕ್ಷೆಯ ಸಮಯದಲ್ಲಿ ಅವನ ವಕೀಲರು ಬೇರೆಯವರು ಸೇದಿದ ಹೊಗೆ ಅವನ ಮೂಗಿಗೆ ಹೋಗಿತ್ತು ಅಂತ ವಾದಿಸಿದ್ದರು. ಮೂರು ವರ್ಷದ ನಂತರ, 2017ರಲ್ಲಿ, ಗಾರ್ಡನ್ ತಾನೇ ಸಂದರ್ಶನಗಳಲ್ಲಿ ಬಾಯಿಬಿಟ್ಟ. ಆಡಿದ ಬಹುತೇಕ ಎಲ್ಲ ಪಂದ್ಯಕ್ಕೂ ಕುಡಿದೋ ಏನಾದರೂ ತೆಗೆದುಕೊಂಡೋ ಇಳಿದಿದ್ದೆ ಅಂತ. ಆ 1,646 ಗಜದ ವರ್ಷವೂ ಅದರಲ್ಲಿ ಸೇರಿತ್ತು. ಅಂದರೆ ಸಂಖ್ಯೆ ಅರ್ಥಹೀನವಾಗಿತ್ತು, ಕಾಯಿಲೆ ಮಾತ್ರ ನಿಜವಾಗಿತ್ತು. 16 ನ್ಯಾನೋಗ್ರಾಂ ಸರಿಯಾದ ಮನುಷ್ಯನ ಕಡೆಗೇ ಬೆರಳು ತೋರಿಸಿತ್ತು, ಆದರೆ ಏನು ಮಾಡಬೇಕು ಅಂತ ಅದಕ್ಕೆ ಗೊತ್ತಿರಲಿಲ್ಲ.

ಲೀಗ್‌ಗೆ ಗೊತ್ತಿದ್ದದ್ದು ಒಂದೇ, ಹೊರಗೆ ಹಾಕೋದು. ಆ ಒಂದು ವರ್ಷದ ಶಿಕ್ಷೆ ಜಾರಿಯಲ್ಲಿದ್ದಾಗ ಲೀಗ್‌ನ ಅತ್ಯುತ್ತಮ ಕ್ಯಾಚರ್ ಓಹಾಯೋದ ಒಂದು ಕಾರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದ. ಮತ್ತೆ 2015ರ ಫೆಬ್ರವರಿಯಲ್ಲಿ ಇನ್ನೊಂದು ವರ್ಷ. ಈ ಸಲ ತಪ್ಪು ಏನು ಗೊತ್ತಾ? ಕೊನೆಯ ಪಂದ್ಯ ಮುಗಿದ ಮೇಲೆ ಲಾಸ್ ವೇಗಸ್‌ಗೆ ಹೋಗೋ ವಿಮಾನದಲ್ಲಿ ಕುಡಿದದ್ದು. ಹಿಂದೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರಿಂದ ಅವನಿಗೆ ಮದ್ಯವೂ ನಿಷೇಧವಾಗಿತ್ತು. ಅದೇ ಲೀಗ್‌ನ ಪ್ರತಿ ಸ್ಟೇಡಿಯಮ್ಮಿನಲ್ಲಿ ಬಿಯರ್ ಮಾರ್ತಾರೆ, ಪ್ರತಿ ವಿರಾಮದಲ್ಲಿ ಟಿವಿಯಲ್ಲಿ ಬಿಯರ್ ಜಾಹೀರಾತು ಬರುತ್ತೆ. ಅದನ್ನು ಬಿಡಿ. ನನ್ನನ್ನು ಕಾಡೋದು ಅಮಾನತಿನ ಇನ್ನೊಂದು ಷರತ್ತು. ಸಂಬಳ ಇಲ್ಲ, ಅದು ಸರಿ, ಆಟ ಇಲ್ಲ, ಅದೂ ಸರಿ. ತಂಡದ ಕಟ್ಟಡಕ್ಕೂ ಕಾಲಿಡೋ ಹಾಗಿಲ್ಲ. ಬೆಳಗ್ಗೆ ಎದ್ದು ಹೋಗೋ ಜಾಗ, ತೂಕ ಎತ್ತೋ ಜಿಮ್, ಊಟ, "ಎಲ್ಲಿದ್ದೀಯೋ, ಯಾಕೋ ಲೇಟು" ಅಂತ ಕೇಳೋ ಕೋಚ್, ಯಾವುದೂ ಇಲ್ಲ. ಚಟ ಇರೋ 23 ವರ್ಷದ ಹುಡುಗನ ಕೈಗೆ ಇಡೀ ದಿನವನ್ನು ಖಾಲಿಯಾಗಿ ಕೊಟ್ಟು, ವರ್ಷ ಆದ ಮೇಲೆ ಶುದ್ಧವಾಗಿ ಬಾ ಅನ್ನೋದು.

ಇದನ್ನು ಓದುವಾಗ ನನಗೆ ನಮ್ಮ ಮಾವನ ನೆನಪಾಗುತ್ತೆ. ಅಮ್ಮನ ತಮ್ಮ. ಹಾಸನದ ಕಡೆ ಒಂದು ಖಾಸಗಿ ಬಸ್ಸಿಗೆ ಡ್ರೈವರ್ ಆಗಿದ್ದರು. ಕುಡಿತ ಇತ್ತು. ಮೊದಲ ಸಲ ವಾಸನೆ ಬಂದಾಗ ಮಾಲೀಕರು ಒಂದು ವಾರ ಡ್ಯೂಟಿ ಕೊಡಲಿಲ್ಲ. ಎರಡನೇ ಸಲ ಒಂದು ತಿಂಗಳು. ಮೂರನೇ ಸಲ, "ಇನ್ನು ಶೆಡ್ ಕಡೆ ತಲೆ ಹಾಕ್ಬೇಡ." ನಾನಾಗ ಹೈಸ್ಕೂಲು. ಮನೇಲಿ ಎಲ್ಲರೂ ಮಾಲೀಕರನ್ನು ಬೈತಿದ್ದರೆ ಅಮ್ಮ ಮಾತ್ರ ಬೈಯಲಿಲ್ಲ. "ಐವತ್ತು ಜನ ಕೂತಿರ್ತಾರೆ ಕಣೋ ಬಸ್ಸಲ್ಲಿ. ಸ್ಟೀರಿಂಗ್ ಕಿತ್ಕೊಂಡದ್ದು ಸರೀನೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಅಕ್ಕಿ ಆರಿಸ್ತಾ, "ಶೆಡ್ಡಿಗೂ ಬರ್ಬೇಡ ಅಂದ್ರಲ್ಲ, ಅದು ಬೇಡಿತ್ತು. ಟೈರ್ ಬಿಚ್ಕೊಂಡಾದ್ರೂ ಇರ್ತಿದ್ದ" ಅಂದರು. ಆಮೇಲೆ ಮಾವ ದಿನವಿಡೀ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ ಕಟ್ಟೆ ಮೇಲೆ ಕೂತಿರ್ತಿದ್ದರು. ಅಲ್ಲಿಂದ ವೈನ್ ಶಾಪು ನಾಲ್ಕು ಹೆಜ್ಜೆ.

ಸ್ಟೀರಿಂಗಿನಿಂದ ಇಳಿಸೋದು ಒಂದು, ಶೆಡ್ಡಿನಿಂದ ಓಡಿಸೋದು ಇನ್ನೊಂದು. ಅಮಾನತು ಅನ್ನೋ ಒಂದೇ ಪದದಲ್ಲಿ ಇವೆರಡೂ ಕಲೆತುಹೋಗಿವೆ. ನಾವು ವಾದ ಮಾಡುವಾಗ ಮೊದಲನೆಯದಕ್ಕೆ ಕಾರಣ ಕೊಡ್ತೀವಿ, ಶಿಕ್ಷೆ ಕೊಡುವಾಗ ಎರಡನೆಯದನ್ನು ಕೊಡ್ತೀವಿ.

ಎದುರು ಪಕ್ಷದವರ ಮಾತನ್ನೂ ಪೂರ್ತಿ ಕೇಳಬೇಕು. ಅವರ ಅತ್ಯಂತ ಬಲವಾದ ಸಾಕ್ಷಿ ಬೇಸ್‌ಬಾಲ್ ಆಟಗಾರ ಸ್ಟೀವ್ ಹೌ. 1980ರಲ್ಲಿ ಡಾಡ್ಜರ್ಸ್‌ಗೆ ಆಡಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ ಎಡಗೈ ಪಿಚರ್. ಕೊಕೇನ್ ಚಟ. ಇಡೀ ವೃತ್ತಿಯಲ್ಲಿ ಏಳು ಸಲ ಅಮಾನತು. ಏಳು! 1991ರ ಡಿಸೆಂಬರಿನಲ್ಲಿ ಮೊಂಟಾನಾದಲ್ಲಿ ಕೊಕೇನ್ ಕೊಳ್ಳೋಕೆ ಹೋಗಿ ಪೊಲೀಸರ ಕೈಗೆ ಸಿಕ್ಕ. 1992ರ ಜೂನ್‌ನಲ್ಲಿ ಕಮಿಷನರ್ ಫೇ ವಿನ್ಸೆಂಟ್ ಅವನಿಗೆ ಆಜೀವ ನಿಷೇಧ ಹಾಕಿದರು. ನಾನು ವಿನ್ಸೆಂಟ್ ಅವರ ಕುರ್ಚಿಯಲ್ಲಿ ಕೂತು ಯೋಚಿಸೋಕೆ ಪ್ರಯತ್ನ ಮಾಡಿದ್ದೀನಿ. ತಂಡದಲ್ಲಿ ಜಾಗ ಇಷ್ಟೇ ಇರೋದು. ಹೌ ಒಬ್ಬನಿಗೆ ಎಂಟನೇ ಅವಕಾಶ ಕೊಟ್ಟರೆ, ಚಿಕ್ಕ ಊರುಗಳ ಮೈನರ್ ಲೀಗ್‌ನಲ್ಲಿ ಬಸ್ಸಿನಲ್ಲೇ ಮಲಗಿ ಆಡ್ತಿರೋ ಇನ್ಯಾರಿಗೋ ಮೊದಲ ಅವಕಾಶವೂ ಸಿಗೋದಿಲ್ಲ. ನಿಯಮಕ್ಕೆ ಕೊನೆಯೇ ಇಲ್ಲದಿದ್ದರೆ ಅದು ನಿಯಮವಾ? ಆಟಗಾರರ ಸಂಘವೇ ಸಹಿ ಹಾಕಿದ ಒಪ್ಪಂದಗಳಿರುತ್ತವೆ, ಕೋಟಿಗಟ್ಟಲೆ ಹಣ ಇರುತ್ತೆ, ನೋಡಿ ಕಲಿಯೋ ಮಕ್ಕಳಿರ್ತಾರೆ. ಈ ಮಾತುಗಳನ್ನು ತಳ್ಳಿಹಾಕೋದು ಸುಲಭ ಅಲ್ಲ.

ಆದರೆ ಐದು ತಿಂಗಳ ನಂತರ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಆ ನಿಷೇಧವನ್ನು ತೆಗೆದುಹಾಕಿದರು. (ಆ ಹೊತ್ತಿಗೆ ವಿನ್ಸೆಂಟ್ ಅವರೇ ಕುರ್ಚಿ ಬಿಟ್ಟಿದ್ದರು.) ನಿಕೊಲಾವ್ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಕರುಣೆಯ ಮಾತಲ್ಲ. ಅವರು ಲೀಗನ್ನೇ ಕಟಕಟೆಗೆ ನಿಲ್ಲಿಸಿದರು. 1990ರಲ್ಲಿ ಹೌನನ್ನು ವಾಪಸ್ ಸೇರಿಸಿಕೊಳ್ಳುವಾಗ ವೈದ್ಯರು ಒಂದು ಷರತ್ತು ಹೇಳಿದ್ದರು. ಇವನಿಗೆ ವರ್ಷವಿಡೀ, ದಿನ ಬಿಟ್ಟು ದಿನ ಪರೀಕ್ಷೆ ಆಗಬೇಕು, ಆಟ ಇಲ್ಲದ ತಿಂಗಳುಗಳಲ್ಲೂ. ಬೇಸ್‌ಬಾಲ್ ಆಟದ ಋತು ಮುಗಿದ ಮೇಲೆ ಪರೀಕ್ಷೆ ಮಾಡಲಿಲ್ಲ. ಹೌ ಜಾರಿಬಿದ್ದದ್ದು ಸರಿಯಾಗಿ ಆ ಚಳಿಗಾಲದಲ್ಲೇ. ಅವನಿಗೆ ಗಮನ ಕೊರತೆಯ ಎಡಿಎಚ್‌ಡಿ ಕಾಯಿಲೆ ಇತ್ತು, ಅದನ್ನು ಅಷ್ಟು ವರ್ಷ ಯಾರೂ ಗುರುತಿಸಿರಲಿಲ್ಲ ಅನ್ನೋದೂ ತೀರ್ಪಿನಲ್ಲಿ ಬಂತು. ಏಳು ಅವಕಾಶ ಕೊಟ್ಟಿದ್ದೇವೆ ಅಂದವರು ಒಂದನ್ನೂ ಪೂರ್ತಿ ಕೊಟ್ಟಿರಲಿಲ್ಲ. ಇಲ್ಲಿ ನೋಡಿ, ಪರೀಕ್ಷೆ ಅನ್ನೋದೇ ಬೇರೆ ವಸ್ತುವಾಗಿಬಿಟ್ಟಿತು. ಗಾರ್ಡನ್‌ಗೆ ಅದು ಬಲೆ. ಹೌಗೆ ಅದೇ ಊರುಗೋಲು, ಅದನ್ನು ಕೊಡಬೇಕಾದವರು ಕೊಡಲಿಲ್ಲ.

ಹೌ ಮತ್ತೆ ಆಡಿದ. 1994ರಲ್ಲಿ ಯಾಂಕೀಸ್‌ಗೆ ಬಹಳ ಚೆನ್ನಾಗಿ ಪಿಚ್ ಮಾಡಿದ, 15 ಸೇವ್, 1.80ರ ಸರಾಸರಿ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಟ್ರಕ್ ಪಲ್ಟಿಯಾಗಿ ಸತ್ತ. ದೇಹದಲ್ಲಿ ಮೆಥಾಂಫೆಟಮೈನ್ ಇತ್ತು. ಎರಡೂ ಪಕ್ಷದವರು ಈ ಸಾವನ್ನು ತಮ್ಮ ಕಡೆಯ ಸಾಕ್ಷಿ ಮಾಡಿಕೊಳ್ತಾರೆ. ನನಗೆ ಅದು ಯಾರ ಪರವಾಗಿಯೂ ಸಾಕ್ಷಿ ಹೇಳ್ತಿದೆ ಅಂತ ಅನ್ಸಲ್ಲ.

ಎಣಿಕೆಯ ಏಣಿಯಿಂದ ಆಗೋ ಇನ್ನೊಂದು ಕೆಡುಕು ಜಾಶ್ ಹ್ಯಾಮಿಲ್ಟನ್ ವಿಷಯದಲ್ಲಿ ಕಾಣಿಸುತ್ತೆ. 1999ರಲ್ಲಿ ಇಡೀ ಬೇಸ್‌ಬಾಲ್ ಆಯ್ಕೆಯಲ್ಲಿ ಮೊದಲನೆಯವನಾಗಿ ಆರಿಸಲ್ಪಟ್ಟವನು. ಕೊಕೇನ್‌ನಿಂದಾಗಿ ವರ್ಷಗಟ್ಟಲೆ ಆಟದಿಂದ ಹೊರಗಿದ್ದ. ಕೊನೆಗೆ ಹೋಗೋಕೆ ಎಲ್ಲೂ ಜಾಗ ಇಲ್ಲದೆ ಅಜ್ಜಿ ಮನೆ ಬಾಗಿಲು ತಟ್ಟಿದ, ಅಜ್ಜಿ ಒಳಗೆ ಸೇರಿಸಿಕೊಂಡರು. ಆಮೇಲೆ ಫ್ಲಾರಿಡಾದ ಒಂದು ಬೇಸ್‌ಬಾಲ್ ತರಬೇತಿ ಕೇಂದ್ರದಲ್ಲಿ ಟಾಯ್ಲೆಟ್ ತೊಳೆಯೋ ಕೆಲಸ ಮಾಡ್ತಾ, ಅದಕ್ಕೆ ಪ್ರತಿಯಾಗಿ ಅಲ್ಲೇ ಅಭ್ಯಾಸ ಮಾಡ್ತಿದ್ದ. ಅಮ್ಮ ಹೇಳಿದ ಟೈರ್ ಬಿಚ್ಚೋ ಕೆಲಸ ಇದೇ. 2007ರಲ್ಲಿ ಮೊದಲ ಸಲ ದೊಡ್ಡ ಲೀಗ್‌ಗೆ ಬಂದ, 2010ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಾದ.

2015ರಲ್ಲಿ ಮತ್ತೆ ಜಾರಿದ. ಆದರೆ ಯಾವ ಪರೀಕ್ಷೆಯೂ ಅವನನ್ನು ಹಿಡಿಯಲಿಲ್ಲ. ತಾನಾಗಿಯೇ ಲೀಗ್‌ಗೆ ಹೋಗಿ ಹೇಳಿಕೊಂಡ. ಶಿಕ್ಷೆ ಕೊಡಬೇಕು ಅಂತ ಲೀಗ್, ಕೊಡುವ ಹಾಗಿಲ್ಲ ಅಂತ ಮಧ್ಯಸ್ಥಗಾರ. ಅವನ ತಂಡದ ಮಾಲೀಕರಿಗೆ ಸಿಟ್ಟೇ ಸಿಟ್ಟು. ಕೆಲವೇ ವಾರಗಳಲ್ಲಿ ಅವನನ್ನು ಹಳೆಯ ತಂಡಕ್ಕೆ ವಾಪಸ್ ಕಳಿಸಿಬಿಟ್ಟರು. ನಾನು ಆಗ ಯೋಚಿಸಿದ್ದು ಟಿವಿ ನೋಡ್ತಾ ಕೂತಿದ್ದ ಬೇರೆ ಆಟಗಾರರ ಬಗ್ಗೆ, ಚಟ ಇದ್ದೂ ಇನ್ನೂ ಸಿಕ್ಕಿಬೀಳದವರ ಬಗ್ಗೆ. ಬಾಯಿಬಿಟ್ಟರೆ ಏಣಿಯ ಇನ್ನೊಂದು ಮೆಟ್ಟಿಲು ಏರಿಸ್ತಾರೆ ಅಂತಾದರೆ ಯಾರು ಬಾಯಿಬಿಡ್ತಾರೆ? 1983ರಲ್ಲೇ ಬಾಸ್ಕೆಟ್‌ಬಾಲ್ ಲೀಗ್ ಇದನ್ನು ಅರ್ಧ ಅರ್ಥ ಮಾಡಿಕೊಂಡಿತ್ತು. ತಾನಾಗಿ ಬಂದು ಹೇಳಿದವನಿಗೆ ಮೊದಲ ಸಲ ಸಂಬಳದ ಜೊತೆ ಚಿಕಿತ್ಸೆ, ಎರಡನೇ ಸಲ ಸಂಬಳ ಇಲ್ಲದ ಚಿಕಿತ್ಸೆ. ಮೂರನೇ ಸಲಕ್ಕೆ ಮಾತ್ರ ಅದೇ ಹಳೆಯ ಬಾಗಿಲು. ಮೂರು ಅನ್ನೋ ಸಂಖ್ಯೆಯಲ್ಲಿ ಏನಿದೆಯೋ! ವೈದ್ಯರನ್ನು ಕೇಳಿದರೆ ವ್ಯಸನದಲ್ಲಿ ಮರಳಿ ಜಾರೋದು ಕಾಯಿಲೆಯ ಲಕ್ಷಣ ಅಂತಾರೆ. ಲೀಗ್ ಅದೇ ಲಕ್ಷಣವನ್ನು ಎಣಿಸಿ, ಮೂರಾಯ್ತು ಹೊರಡು ಅನ್ನುತ್ತೆ. ಮಧುಮೇಹ ಇರೋನಿಗೆ ಮೂರನೇ ಸಲ ಸಕ್ಕರೆ ಏರಿದರೆ ಆಸ್ಪತ್ರೆಗೆ ಬರಬೇಡ ಅಂದ ಹಾಗೆ. (ಕನ್ನಡ ಕಲಿಯುತ್ತಿರೋರಿಗೆ ಒಂದು ಸಣ್ಣ ಮಾತು: 'ವ್ಯಸನ' ಅಂದರೆ ಚಟ ಅಂತಲೂ ಹೌದು, ದುಃಖ ಅಂತಲೂ ಹೌದು. ಹಳಬರು 'ವ್ಯಸನ ಪಡಬೇಡ' ಅಂದರೆ ಬೇಜಾರು ಮಾಡ್ಕೋಬೇಡ ಅಂತ.)

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಅತಿ ಕಷ್ಟ ಕೊಡೋ ಭಾಗವನ್ನೂ ಹೇಳಬೇಕು. ಗಾರ್ಡನ್‌ಗೆ ಒಂದು ಹಂತದಲ್ಲಿ ಎಲ್ಲವೂ ಸಿಕ್ಕಿತು. 2018ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವನನ್ನು ತೆಗೆದುಕೊಂಡಿತು. ಲೀಗ್‌ನಲ್ಲೇ ಶಿಸ್ತಿಗೆ ಹೆಸರಾದ ತಂಡ, ಅನುಭವಿ ಜೊತೆಗಾರರು, ಪಕ್ಕದಲ್ಲಿ ಟಾಮ್ ಬ್ರೇಡಿ. 11 ಪಂದ್ಯದಲ್ಲಿ 720 ಗಜ ಗಳಿಸಿದ. ಡಿಸೆಂಬರಿನಲ್ಲಿ ಮಾನಸಿಕ ಆರೋಗ್ಯ ನೋಡಿಕೊಳ್ಳಬೇಕು ಅಂತ ತಂಡ ಬಿಟ್ಟ, ಅವತ್ತೇ ಮತ್ತೆ ಅನಿರ್ದಿಷ್ಟ ಅಮಾನತು. ಮರುವರ್ಷ ಸಿಯಾಟಲ್, ಮತ್ತೆ ಅಮಾನತು, ಆ ಸಲ ಉದ್ದೀಪನ ಮದ್ದಿನ ಆರೋಪವೂ ಸೇರಿತ್ತು. ಶೆಡ್ಡಿನ ಬಾಗಿಲು ತೆರೆದಿಟ್ಟರೂ ಎಲ್ಲರೂ ಒಳಗೆ ಉಳಿಯಲ್ಲ. ಹಾಗಾಗಿ, "ಅಮಾನತು ಮಾಡದೆ ಪ್ರೀತಿಯಿಂದ ನೋಡಿಕೊಂಡರೆ ಸರಿಹೋಗ್ತಾರೆ" ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ಮುಂದಿನ ಸಲ ಒಬ್ಬ ಜಾರಿದ ಕೂಡಲೇ ನನ್ನ ವಾದವೂ ಅವನ ಜೊತೆ ಬೀಳುತ್ತೆ.

ನಾನು ಹೇಳೋದು ಇಷ್ಟು. ಚಟದಲ್ಲಿರೋ ಆಟಗಾರನನ್ನು ಮೈದಾನದಿಂದ ಹೊರಗಿಡಿ, ಬೇಕಾದರೆ ತಿಂಗಳುಗಟ್ಟಲೆ. ಅಂಥವನು ಮೈದಾನದಲ್ಲಿ ತನಗೂ ಅಪಾಯ, ಎದುರಿನವನಿಗೂ ಅಪಾಯ. ಆಡದ ಪಂದ್ಯಕ್ಕೆ ಸಂಬಳ ಕೊಡಬೇಕಾಗಿಲ್ಲ. ಆದರೆ ಯಾವಾಗ ವಾಪಸ್ ಬರಬಹುದು ಅಂತ ವೈದ್ಯರು ಹೇಳಲಿ, ಕಮಿಷನರ್ ಬೇಡ. ಚಿಕಿತ್ಸೆಯ ಖರ್ಚು ಲೀಗ್ ಕೊಡಲಿ. ಕಟ್ಟಡದ ಬಾಗಿಲು ಹಾಕಬೇಡಿ. ಎಷ್ಟನೇ ಸಲ ಅಂತ ಎಣಿಸಬೇಡಿ. ತಂಡಕ್ಕೆ ಅವನು ಬೇಡವಾದರೆ ಬಿಡಲಿ, ಅದು ವ್ಯಾಪಾರ. ಆದರೆ ಇಡೀ ವೃತ್ತಿಯಿಂದಲೇ, ಎಲ್ಲ ತಂಡಗಳ ಬಾಗಿಲುಗಳಿಂದಲೂ ಒಟ್ಟಿಗೆ ಓಡಿಸೋದನ್ನು ಮೋಸ ಮಾಡಿದವರಿಗೆ ಇಟ್ಟುಕೊಳ್ಳಿ.

ಲೀಗ್‌ಗಳು ಈಚೆಗೆ ಮೆತ್ತಗಾಗಿವೆ ನಿಜ. ಬೇಸ್‌ಬಾಲ್ 2019ರ ಡಿಸೆಂಬರಿನಲ್ಲಿ ಗಾಂಜಾವನ್ನು ಪಟ್ಟಿಯಿಂದ ತೆಗೆಯಿತು. ಫುಟ್‌ಬಾಲ್ ಲೀಗ್ 2020ರಲ್ಲಿ ಬರೀ ಗಾಂಜಾ ಪರೀಕ್ಷೆಯ ಮೇಲೆ ಅಮಾನತು ಮಾಡೋದು ನಿಲ್ಲಿಸಿತು, ಬಾಸ್ಕೆಟ್‌ಬಾಲ್ 2023ರಲ್ಲಿ ಪರೀಕ್ಷೆಯನ್ನೇ ಬಿಟ್ಟಿತು. ಆದರೆ ಹಲವು ರಾಜ್ಯಗಳಲ್ಲಿ ಗಾಂಜಾ ಕಾನೂನುಬದ್ಧ ಆಯಿತು, ಅಂಗಡಿಯಲ್ಲಿ ಸಿಗೋದಕ್ಕೆ ಶಿಕ್ಷೆ ಕೊಡೋದು ಮುಜುಗರವಾಯಿತು, ಬದಲಾವಣೆಗೆ ಬಹುಪಾಲು ಅದೇ ಕಾರಣ ಅಂತ ನನಗನ್ಸುತ್ತೆ. ಒಂದು ವಸ್ತುವನ್ನು ಪಟ್ಟಿಯಿಂದ ತೆಗೆದರೇ ಹೊರತು ಏಣಿಯ ಬಗ್ಗೆ ಮರುಯೋಚನೆ ಮಾಡಲಿಲ್ಲ. ಬೇಸ್‌ಬಾಲ್ ಅದೇ ಸಮಯದಲ್ಲಿ ನೋವಿನ ಮಾತ್ರೆಗಳ ಪರೀಕ್ಷೆ ಸೇರಿಸಿದ್ದಕ್ಕೆ ಒಂದು ಸಾವೇ ಬೇಕಾಯಿತು. 2019ರ ಜುಲೈ 1ರಂದು ಏಂಜಲ್ಸ್ ತಂಡದ ಪಿಚರ್ ಟೈಲರ್ ಸ್ಕಾಗ್ಸ್ ಟೆಕ್ಸಸ್‌ನ ಹೋಟೆಲ್ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಫೆಂಟಾನಿಲ್ ಮಾತ್ರೆ ಕೊಟ್ಟದ್ದು ತಂಡದ ಸಂಪರ್ಕ ಅಧಿಕಾರಿಯೇ ಅಂತ ನ್ಯಾಯಾಲಯದಲ್ಲಿ ಸಾಬೀತಾಗಿ, ಆತನಿಗೆ 22 ವರ್ಷ ಜೈಲಾಯಿತು. ಏಣಿಯನ್ನು ಆಟಗಾರರಿಗೆ ಮಾತ್ರ ಇಟ್ಟಿದ್ದರು, ಕಟ್ಟಡದ ಒಳಗಿನ ಉಳಿದವರಿಗೆ ಇಟ್ಟಿರಲಿಲ್ಲ.

ಕ್ರಿಕೆಟ್ಟಿಗೆ ವಾಪಸ್ ಬರ್ತೀನಿ. 2025ರ ಏಪ್ರಿಲಿನಲ್ಲಿ ಗುಜರಾತ್ ಟೈಟನ್ಸ್‌ನ ಕಗಿಸೊ ರಬಾಡ ಐಪಿಎಲ್ ನಡುವೆ ಇದ್ದಕ್ಕಿದ್ದ ಹಾಗೆ ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದ. ಜನವರಿಯ ಪರೀಕ್ಷೆಯಲ್ಲಿ ಮಾದಕ ವಸ್ತು ಸಿಕ್ಕಿತ್ತು. 2021ರಿಂದ ಬಂದ ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ವಸ್ತುಗಳಿಗೆ ಬೇರೆಯೇ ವಿಭಾಗ ಇದೆ. ಆಟದ ಹೊತ್ತಿನಲ್ಲಿ ಅಲ್ಲ, ಆಟಕ್ಕೆ ಸಂಬಂಧವೂ ಇಲ್ಲ ಅಂತಾದರೆ ಮೂರು ತಿಂಗಳು. ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ ಒಂದು. ರಬಾಡ ಒಂದು ತಿಂಗಳಲ್ಲಿ ವಾಪಸ್ ಬಂದ. ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್, ಆಸ್ಟ್ರೇಲಿಯಾ ಎದುರು ಒಂಬತ್ತು ವಿಕೆಟ್.

ಆ ಪಂದ್ಯವನ್ನೂ ನಾವು ಅದೇ ಮನೆಯಲ್ಲಿ, ಅದೇ ಸೋಫಾ ಮೇಲೆ ಕೂತು ನೋಡಿದ್ವಿ. ರಬಾಡನ ಮೊದಲ ವಿಕೆಟ್ ಬಿದ್ದಾಗ ನಾನು ಬೇಕಂತಲೇ ಗೆಳೆಯನ ಕಡೆ ತಿರುಗಿ, "ಇಂಥೋರನ್ನ ಇನ್ನೂ ಆಡೋಕೆ ಹೆಂಗೆ ಬಿಟ್ಟಿದಾರೆ?" ಅಂತ ಕೇಳಿದೆ. ಅವನಿಗೆ ತನ್ನದೇ ಮಾತು ಅಂತ ನೆನಪಿರಲಿಲ್ಲ. "ಅಯ್ಯೋ, ಅವನು ಒಂದೇ ಸಲ ಕಣೋ ಸಿಕ್ಕಿದ್ದು" ಅಂದ.

"ಇನ್ನೊಂದು ಸಲ ಸಿಕ್ಕಿದ್ರೆ?"

ಅವನು ಟಿವಿ ನೋಡ್ತಾನೇ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಯಾಕೆ ಸಿಕ್ದ ಅಂತ ಕೇಳ್ಬೇಕಾಗುತ್ತೆ ಮೊದ್ಲು" ಅಂದು, ಚಿಪ್ಸ್ ಬಟ್ಟಲು ನನ್ನ ಕಡೆ ತಳ್ಳಿದ.